ಬರೆಯದಿದ್ದರೆ ಆಕಸ್ಮಿಕ

ಮುರಿದ ಕಾಲಿನ ಕಡತಕ್ಕೆ ಆರು ನಿಮಿಷ, ಹೆರಿಗೆಗೆ ನಾಲ್ಕು, ಸುಟ್ಟ ಗಾಯಕ್ಕೆ ಒಂಬತ್ತು, ಅನ್ನನಾಳದ ಗಾಯಕ್ಕೆ ಹನ್ನೊಂದು. ಯಾವುದೇ ಆಗಲಿ, ಕೈಗೆ ಬರುವುದು ಮಾತ್ರ ಕ್ಯಾಂಟೀನಿನ ಒಂದೂವರೆ ಲೋಟ ಕಾಫಿಯ ಬೆಲೆ. ಹಾಗಾಗಿ ಹೆರಿಗೆಯ ಕಡತವೆಂದರೆ ಎಲ್ಲರಿಗೂ ಅಕ್ಕರೆ, ಅನ್ನನಾಳವೆಂದರೆ ಯಾರಿಗೂ ಬೇಡ. ದಿನಕ್ಕೆ ಅರವತ್ತು ಮುಗಿಸಿದವರಿಗೆ ತಿಂಗಳ ಕೊನೆಯಲ್ಲಿ ಸಂಬಳದ ಮೇಲೊಂದಿಷ್ಟು ಸಿಗುತ್ತದೆ. ಐವತ್ತೊಂಬತ್ತು ಮುಗಿಸಿದವರಿಗೆ ಏನೂ ಇಲ್ಲ. ಬೆಳಗ್ಗೆ ಮೊದಲು ಬಂದವರು ಮೊದಲು ಆರಿಸಿಕೊಳ್ಳುವುದು ಆಸ್ಪತ್ರೆಯ ಆ ಕಡತದ ಕೋಣೆಯ ರೂಢಿ. ಕೋಡಕ್ಕನಿಗೆ ಏಳೂಕಾಲಿನ ಬಸ್ಸು ಸಿಕ್ಕರೆ ಹೆರಿಗೆ, ತಪ್ಪಿದರೆ ಅನ್ನನಾಳ. ಆ ಬಸ್ಸು ಸಿಗಬೇಕೆಂದರೆ ಅತ್ತೆಗೆ ಬೆಳಗಿನ ಊಟ ಮಾಡಿಸುವುದು ಹನ್ನೆರಡು ನಿಮಿಷದಲ್ಲಿ ಮುಗಿಯಬೇಕು.

ಆ ದಿನ ಹದಿನೆಂಟು ನಿಮಿಷ ಹಿಡಿಯಿತು.

"ಬಾಯಿ ತೆಗೀರಿ ಅತ್ತೆ."

"ಮೊದಲಿಂದು ಇನ್ನೂ ಇಳಿದಿಲ್ಲ ಕಣೆ. ಗಂಟಲೋ, ಚರಂಡಿಯೋ?"

"ಇಳಿಯುತ್ತೆ, ಹಿಂದೆ ಇನ್ನೊಂದು ಬಂದ್ರೆ ತಾನಾಗೇ ಇಳಿಯುತ್ತೆ."

ಚಮಚ ಹಲ್ಲಿಗೆ ಟಕ್ಕೆಂದು ಬಡಿಯಿತು. ಅತ್ತೆ ಮುಖ ಹಿಂದಕ್ಕೆ ಎಳೆದುಕೊಂಡಳು. "ಇರೋದು ಆರು ಹಲ್ಲು. ಅದನ್ನೂ ದಿನಾ ಚಮಚದಲ್ಲಿ ಎಣಿಸ್ತೀಯಲ್ಲ."

ಕೋಡಕ್ಕ ನಕ್ಕಳು, ಅತ್ತೆಯ ಬಾಯಿ ಒರೆಸಿದಳು, ಹೆಗಲಿಗೆ ಚೀಲ ಸಿಕ್ಕಿಸಿಕೊಂಡು ಓಡಿದಳು. ಬಸ್ಸು ಹೋಗಿತ್ತು.

ಕೋಡಕ್ಕ ಎನ್ನುವುದು ಕೋಣೆಯವರು ಇಟ್ಟ ಹೆಸರು. ಅವಳು ಮೊದಲು ಇದೇ ಆಸ್ಪತ್ರೆಯ ಮೇಲಿನ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಆಯಾ ಆಗಿದ್ದವಳು. ಸೊಂಟ ಹಿಡಿದುಕೊಂಡ ಮೇಲೆ ಸಂಜೆ ತರಗತಿಗೆ ಹೋಗಿ, ಮಕ್ಕಳ ವಯಸ್ಸಿನವರ ಪಕ್ಕ ಕೂತು, ರೋಗ ಗಾಯಗಳಿಗೆ ಸಂಖ್ಯೆ ಹಾಕುವ ಕೋಡಿಂಗ್ ಕಲಿತು ಪರೀಕ್ಷೆ ಪಾಸು ಮಾಡಿದ್ದಳು. ಆಗಿನಿಂದ ನೆಲಮಾಳಿಗೆಯ ಕಡತದ ಕೋಣೆಯಲ್ಲಿ ಕೆಲಸ. ಒಂದು ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರಗಳು, ಇನ್ನೊಂದು ಗೋಡೆಯಾಚೆ ಅಡುಗೆಮನೆಯ ಮೋರಿ. ಸಾಬೂನು ಮತ್ತು ಹಳಸಲಿನ ನಡುವೆ ಐದು ಮೇಜು.

ಕೆಲಸವೇನೆಂದು ಅತ್ತೆ ಒಮ್ಮೆ ಕೇಳಿದ್ದಳು. "ಡಾಕ್ಟ್ರು ಬರೆದಿದ್ದನ್ನ ನಂಬರ್ ಮಾಡೋದು."

"ಅವರಿಗೆ ನಂಬರ್ ಬರಲ್ವಾ?"

"ಬಿಲ್ಲಿಗೆ ಹಾಕೋ ನಂಬರ್ ಬರುತ್ತೆ. ಇದು ಬರಲ್ಲ."

ಒಂದು ಗಾಯಕ್ಕೆ ಒಂದೇ ಸಂಖ್ಯೆ ಸಾಲುವುದಿಲ್ಲ. ಎಲ್ಲಿ ಎನ್ನುವುದಕ್ಕೊಂದು, ಹೇಗೆ ಎನ್ನುವುದಕ್ಕೊಂದು, ಬೇಕೆಂದೇ ಆಯಿತೋ ತಾನಾಗಿ ಆಯಿತೋ ಎನ್ನುವುದಕ್ಕೊಂದು. ಅನ್ನನಾಳ ಒಂದು ಗೇಣು ಮತ್ತು ಎರಡು ಬೆರಳಿನಷ್ಟು ಉದ್ದವಿರುವ ಕೊಳವೆ, ಆದರೆ ಅದು ಮೂರು ಊರು ದಾಟಿ ಹೋಗುತ್ತದೆ. ಕುತ್ತಿಗೆಯಲ್ಲಿ ಹರಿದರೆ ಕುತ್ತಿಗೆಯ ಗಾಯಗಳ ಪುಟ ತೆಗೆಯಬೇಕು, ಎದೆಯಲ್ಲಿ ಹರಿದರೆ ಎದೆಯ ಪುಟ, ಹೊಟ್ಟೆಯ ಹತ್ತಿರ ಹರಿದರೆ ಇನ್ನೊಂದು. ನುಂಗಿದ್ದು ಸಿಕ್ಕಿಕೊಂಡರೆ ಬೇರೆ, ಸುಟ್ಟರೆ ಬೇರೆ, ಹೊರಗಿನಿಂದ ಚೂರಿ ಬಂದರೆ ಬೇರೆ. ಪುಸ್ತಕದಲ್ಲಿ ಎಲ್ಲವೂ ಶುಭ್ರ. ಕೋಡಕ್ಕನ ತೊಂದರೆಯೆಂದರೆ ಅವಳು ಆ ಸಂಖ್ಯೆಗಳ ವಾಸನೆಯನ್ನು ಬಲ್ಲಳು. ಕರುಳಿಗಿರುವ ಹೊರಹೊದಿಕೆ ಈ ಕೊಳವೆಗಿಲ್ಲ, ಒದ್ದೆ ಬಟ್ಟೆಯ ಹಾಗೆ ಹರಿಯುತ್ತದೆ. ಹರಿದ ಮೇಲೆ ಮನುಷ್ಯ ನುಂಗಿದ ಎಂಜಲೆಲ್ಲ ಕುತ್ತಿಗೆಯ ಮಾಂಸದೊಳಗೆ ಸೋರಿ ಅಲ್ಲೇ ಕೊಳೆಯುತ್ತದೆ. ವಾರ್ಡಿನಲ್ಲಿದ್ದಾಗ ಅಂಥವರ ಕುತ್ತಿಗೆಯಿಂದ ನಳಿಕೆಯಲ್ಲಿ ಇಳಿದ ನೀರಿನ ಬಾಟಲಿಯನ್ನು ಅವಳೇ ಹೊತ್ತು ಚೆಲ್ಲಿದ್ದಳು. ಮೂರು ದಿನದ ಎಂಜಲು, ಒಡೆದ ಹಾಲು, ಕೀವು. ಎರಡು ದಿನ ಕೈ ತೊಳೆದರೂ ಊಟಕ್ಕೆ ಕೂತಾಗ ಬೆರಳಿನಿಂದ ಅದೇ ಬರುತ್ತಿತ್ತು.

ಹಾಗಾಗಿ ತಡವಾಗಿ ಬಂದು, ಬುಟ್ಟಿಯ ತಳದಲ್ಲಿ ಉಳಿದಿದ್ದ ಕಡತ ಎತ್ತಿಕೊಂಡು ಮೊದಲ ಸಾಲು ಓದಿದಾಗಲೇ ಅವಳ ಬಾಯಲ್ಲಿ ನೀರೂರಿತು. ಹಸಿವಿನ ನೀರಲ್ಲ, ವಾಂತಿಗೆ ಮುಂಚಿನದು.

ಅರವತ್ಮೂರರ ಹೆಂಗಸು. ಹೊಲಿಗೆ ಕೆಲಸ ಮಾಡಿಕೊಂಡಿದ್ದವಳು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿದೆ, ಮಾತು ನಿಂತಿದೆ. ಈಗ ಕುತ್ತಿಗೆಯ ಅನ್ನನಾಳದಲ್ಲಿ ಹರುಕು. ಹಿಂಬದಿಯಲ್ಲಿ, ಅಂಚು ನೆಟ್ಟಗೆ, ಹೆಬ್ಬೆರಳ ಉಗುರಿನಷ್ಟು ಅಗಲ. ದುರ್ವಾಸನೆಯ ದ್ರವ ತೆಗೆಯಲಾಯಿತು. ಊಟಕ್ಕೆ ಸದ್ಯಕ್ಕೆ ಹೊಟ್ಟೆಗೆ ನಳಿಕೆ ಹಾಕಲಾಯಿತು. ಕಾರಣ: ಗಟ್ಟಿ ಆಹಾರ. ನಾಡಿದ್ದು ಮನೆಗೆ. ಬಿಲ್ಲು ತಡವಾಗಬಾರದೆಂದು ರೋಗಿ ಹೊರಡುವ ಎರಡು ದಿನ ಮುಂಚೆಯೇ ಕಡತದ ಪ್ರತಿ ಕೆಳಗೆ ಬರುತ್ತಿತ್ತು.

ಕೋಡಕ್ಕ ಪುಟ ತಿರುವಿದಳು. ಹಿಂದೆ ಎರಡು ಸಲ ಬಂದು ಹೋದ ದಾಖಲೆಯಿತ್ತು. ಎರಡು ತಿಂಗಳ ಹಿಂದೆ ಮುಂದಿನ ಹಲ್ಲು ಮುರಿದು, ಮೇಲ್ದುಟಿಯ ಒಳಗಿನ ದಾರದಂಥ ಪೊರೆ ಹರಿದಿತ್ತು. ತಿಂಗಳ ಹಿಂದೆ ಗಂಟಲ ಹಿಂಗೋಡೆಯಲ್ಲಿ ಗೀರು. ಎರಡಕ್ಕೂ ಕಾರಣದ ಸಾಲು ಖಾಲಿ. ಕೋಡಿಂಗಿನ ಹಾಳೆಯಲ್ಲಿ ಎರಡಕ್ಕೂ ಆಕಸ್ಮಿಕ ಎಂಬ ಸಂಖ್ಯೆ, ಕೆಳಗೆ ಅದನ್ನು ಹಾಕಿದವರ ಪುಟ್ಟ ಸಹಿ. ಎರಡೂ ಸಹಿ ಅವಳದೇ.

ಅದು ನಿಯಮ. ಗಾಯ ಹೇಗಾಯಿತೆಂದು ಡಾಕ್ಟರು ಬರೆಯದಿದ್ದರೆ ಕೋಡಿಂಗಿನವರು ಊಹಿಸುವಂತಿಲ್ಲ, ಆಕಸ್ಮಿಕ ಎಂದೇ ಹಾಕಬೇಕು. ತರಗತಿಯಲ್ಲಿ ಮೊದಲ ವಾರವೇ ಹೇಳಿಕೊಡುತ್ತಾರೆ. ಸಾವಿರ ಸಲ ಹಾಕಿದ್ದಳು, ಕೈ ತಾನಾಗಿ ಹಾಕುತ್ತಿತ್ತು. ಆ ಎರಡು ಸಹಿಗಳನ್ನು ನೋಡಿದಾಗ ತನ್ನ ತಟ್ಟೆಯಲ್ಲಿ ಬೇರೆಯವರ ಕೂದಲು ಕಂಡಂತಾಯಿತು. ಆದರೆ ಇದು ಬೇರೆಯವರದಲ್ಲ.

ಮುಂದೆ ಆಹಾರದ ಹಾಳೆ. ಲಕ್ವ ಹೊಡೆದ ದಿನದಿಂದ ಈ ಹೆಂಗಸಿಗೆ ಅರೆದು ಸೋಸಿದ್ದು ಬಿಟ್ಟು ಬೇರೇನೂ ಕೊಡುವಂತಿಲ್ಲ ಎಂದು ಕೆಂಪು ಗೆರೆ ಎಳೆದು ಬರೆದಿತ್ತು. ನಾಲ್ಕು ತಿಂಗಳು ಸೋಸಿದ್ದನ್ನೇ ತಿಂದವಳ ಗಂಟಲು ಗಟ್ಟಿ ಆಹಾರದಿಂದ ಹೇಗೆ ಹರಿಯಿತು?

ಅನುಮಾನವಿದ್ದರೆ ಡಾಕ್ಟರಿಗೆ ಚೀಟಿ ಬರೆದು ಕೇಳಬಹುದು. ಕೋಡಕ್ಕ ಪೆನ್ನು ತೆಗೆದುಕೊಂಡಳು, ಎರಡು ಸಲ ಯೋಚಿಸದೆ ಬರೆದಳು: "ಈ ಹೆಂಗಸಿನ ಗಂಟಲಿಗೆ ಯಾರೋ ಚಮಚ ತುರುಕಿದ್ದಾರೆ. ಹೌದೋ, ಅಲ್ಲವೋ?"

ಚೀಟಿಗಳೆಲ್ಲ ಮೇಲ್ವಿಚಾರಕನ ಕೈ ದಾಟಿಯೇ ಮೇಲಕ್ಕೆ ಹೋಗಬೇಕು. ಅವನಿಗೆ ಕೋಣೆಯವರಿಟ್ಟ ಹೆಸರು ಗಡಿಯಾರ. ಮಾತಾಡುವಾಗ ಎದುರಿಗಿರುವವರ ಮುಖದ ಬದಲು ಗೋಡೆಯ ಗಡಿಯಾರ ನೋಡುವ ಅಭ್ಯಾಸ ಅವನದು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಕೆಟ್ಟವನೇನಲ್ಲ.

"ಅಕ್ಕಾ, ಇದು ಪ್ರಶ್ನೆಯಾ, ಪೊಲೀಸ್ ಕಂಪ್ಲೇಂಟಾ?"

"ಪ್ರಶ್ನೆನೇ. ಕೊನೇಲಿ ಪ್ರಶ್ನೆ ಚಿಹ್ನೆ ಇದೆ ನೋಡಿ."

"ಪ್ರಶ್ನೆಯೊಳಗೆ ಉತ್ತರ ಇಟ್ಟು ಕೇಳಬಾರದು ಅಂತ ನಿಮಗೆ ಗೊತ್ತಿಲ್ವಾ? ಡಾಕ್ಟ್ರ ಬಾಯಿಗೆ ನಾವು ಮಾತು ತುರುಕಬಾರದು."

"ಡಾಕ್ಟ್ರ ಬಾಯಿಗೆ ಮಾತ್ರ ತುರುಕಬಾರದಾ?"

ಪಕ್ಕದ ಮೇಜಿನವರು ಕೆಮ್ಮಿದರು. ಗಡಿಯಾರ ಗೋಡೆ ನೋಡಿದ. "ನಾವು ಓದೋದು ಅವರು ಬರೆದಿದ್ದನ್ನ ಅಕ್ಕಾ. ಬರೀದೇ ಬಿಟ್ಟಿದ್ದನ್ನ ಓದೋಕೆ ನಮಗೆ ಸಂಬಳ ಇಲ್ಲ."

"ಅದಕ್ಕೇ ಇವಳು ಮೂರನೇ ಸಲ ಬಂದಿದ್ದಾಳೆ. ನಾಡಿದ್ದು ಅದೇ ಮನೆಗೆ ಹೋಗ್ತಾಳೆ, ಅದೇ ಕೈಗೆ. ನಾಲ್ಕನೇ ಸಲ ಬರ್ತಾಳೋ ಇಲ್ವೋ."

ಅವನು ಚೀಟಿಯನ್ನು ಹರಿಯಲಿಲ್ಲ, ಡ್ರಾಯರಿನಲ್ಲಿಟ್ಟುಕೊಂಡ. "ಇಂಥ ಚೀಟಿಗೆ ಅಂಕ ಕಳೀಲೇಬೇಕು. ನಿಯಮ ನಂದಲ್ಲ. ಇನ್ನು ಮೂರು ತಿಂಗಳು ಸಂಬಳದ ಮೇಲಿನ ದುಡ್ಡು ನಿಮಗೆ ಬರಲ್ಲ." ಆಮೇಲೆ, ಈ ಸಲ ಗೋಡೆ ನೋಡದೆ ಹೇಳಿದ: "ತಾರೀಖುಗಳನ್ನ ಬರೀರಿ. ಮೂರು ಗಾಯ ಬರೀರಿ. ಆಹಾರದ ಹಾಳೆಯ ಪುಟ ಬರೀರಿ. ಹೇಗಾಯ್ತು, ಯಾರು ಹೇಳಿದ್ದು ಅಂತ ಮಾತ್ರ ಕೇಳಿ. ನಿಮ್ಮ ಸಿಟ್ಟು ಚೀಟೀಲಿ ಕಾಣಬಾರದು."

ಹಾಗೇ ಬರೆದಳು. ಎರಡು ಗಂಟೆಯಲ್ಲಿ ಉತ್ತರ ಬಂತು. ಗಂಟಲಿನ ಡಾಕ್ಟರು ಅದರ ಮೇಲೆ ಎರಡೇ ಪದ ಬರೆದಿದ್ದರು: "ಮೇಲೆ ಬರೆದಂತೆ." ಚೀಟಿಯ ಮೂಲೆಯಲ್ಲಿ ಎಣ್ಣೆಯ ಬೆರಳಚ್ಚು. ಏನೋ ಕರಿದದ್ದನ್ನು ತಿನ್ನುತ್ತ ಬರೆದಿದ್ದರು. ಕೋಡಕ್ಕ ಆ ಮೂಲೆ ಮುಟ್ಟದೆ ಚೀಟಿಯನ್ನು ಕಡತಕ್ಕೆ ಸೇರಿಸಿದಳು. ತನ್ನ ಬುತ್ತಿಯನ್ನು ಮುಚ್ಚಳ ತೆಗೆಯದೆ ಚೀಲಕ್ಕೆ ಹಾಕಿದಳು.

ಕಡತದ ಕೋಣೆಯವರು ವಾರ್ಡಿಗೆ ಹೋಗುವಂತಿಲ್ಲ. ಆದರೆ ಊಟದ ವೇಳೆಯಲ್ಲಿ ಹಳೆಯ ಗೆಳತಿಯನ್ನು ನೋಡಬಾರದೆಂದು ಯಾವ ನಿಯಮವೂ ಇರಲಿಲ್ಲ. ದೊಡ್ಡ ಸಿಸ್ಟರ್ ಇನ್ನೂ ಅದೇ ವಾರ್ಡಿನಲ್ಲಿದ್ದಳು. ಇಬ್ಬರೂ ಒಂದೇ ಬಕೆಟ್ಟಿನಲ್ಲಿ ಬಟ್ಟೆ ಹಿಂಡಿದವರು.

"ಏನೇ, ನೆಲದಡಿಯಿಂದ ಮೇಲೆ ಬಂದಿದ್ದೀಯ? ಕೋಡು ಬಂದ ಮೇಲೆ ಮರೆತೇ ಬಿಟ್ಟೆ ಅಂದುಕೊಂಡಿದ್ದೆ."

"ಕೋಡು ಬಂದಿದೆ, ಹಾಯೋಕೆ ಬಿಡ್ತಾ ಇಲ್ಲ. ಆ ಹೊಲಿಗೆಯಮ್ಮ ಎಲ್ಲಿ?"

ಕೊನೆಯ ಹಾಸಿಗೆ. ಕಿಟಕಿ ಪಕ್ಕ ಮೂಳೆಯಷ್ಟೇ ಉಳಿದ ಹೆಂಗಸು, ಕುತ್ತಿಗೆಗೆ ಪಟ್ಟಿ, ಹೊಟ್ಟೆಯಿಂದ ನಳಿಕೆ. ತಲೆಗೂದಲು ಮಾತ್ರ ಅಚ್ಚುಕಟ್ಟಾಗಿ ಎರಡು ಜಡೆ. ಪಕ್ಕದಲ್ಲಿ ಮೂವತ್ತರ ಮಗಳು ಮಡಿಸಿದ ಹೊದಿಕೆಯ ಅಂಚು ಸರಿಮಾಡುತ್ತಿದ್ದಳು.

"ಅವಳನ್ನ ನಾವೆಲ್ಲ ಬಂಗಾರದ ಮಗಳು ಅಂತೀವಿ," ಎಂದಳು ದೊಡ್ಡ ಸಿಸ್ಟರ್. "ಕೆಲಸಕ್ಕೆ ರಜೆ ಹಾಕಿ ಬಂದಿದ್ದಾಳೆ. ಮನೆಯಿಂದಲೇ ಒಗೆದ ಹೊದಿಕೆ ತರ್ತಾಳೆ. ಒಂದು ದಿನ ಗೊಣಗಿಲ್ಲ. ಇಂಥ ಮಗಳನ್ನ ಹೆತ್ತವರು ಪುಣ್ಯ ಮಾಡಿರಬೇಕು."

ಬಾಯಿ ಒಣಗದಂತೆ ಗಂಟೆಗೊಮ್ಮೆ ಒದ್ದೆ ಹತ್ತಿಯಿಂದ ತುಟಿ ಒರೆಸುವ ಹೊತ್ತಾಗಿತ್ತು. ದೊಡ್ಡ ಸಿಸ್ಟರ್ ಹತ್ತಿ ಹಿಡಿದು ಹೋದಳು. ಹೊಲಿಗೆಯಮ್ಮ ಮರಿಹಕ್ಕಿಯ ಹಾಗೆ ತುಟಿ ತೆರೆದಳು. ಅಷ್ಟರಲ್ಲಿ ಯಾರೋ ಕರೆದರು. "ನಾನು ಮಾಡ್ತೀನಿ ಬಿಡಿ ಸಿಸ್ಟರ್," ಎಂದು ಮಗಳು ಹತ್ತಿಯನ್ನು ಇಸಿದುಕೊಂಡು ತಾಯಿಯ ಮುಖದ ಹತ್ತಿರ ಕೈ ತಂದಳು.

ಹೊಲಿಗೆಯಮ್ಮನ ಆರು ಬೆರಳಗಲದ ಮುಖದಲ್ಲಿ ಎಲ್ಲವೂ ಮುಚ್ಚಿಕೊಂಡಿತು. ತುಟಿ, ಕಣ್ಣು, ದವಡೆ. ಓಡಾಡುತ್ತಿದ್ದ ಎಡಗೈ ಮೇಲೆದ್ದು ಬಾಯಿಗೆ ಅಡ್ಡ ಬಂತು. ಕಿರುಬೆರಳಿನ ಪಕ್ಕ ಸೂಜಿ ಚುಚ್ಚಿದ ಹಳೆಯ ಗುರುತುಗಳು ಎದ್ದು ಕಾಣುತ್ತಿದ್ದವು.

"ನೋಡಿ, ಹಿಂಗೇ," ಎಂದಳು ಮಗಳು, ಕೋಡಕ್ಕನ ಕಡೆ ತಿರುಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಹಟ. ಮೊದಲಿಂದನೂ ಹಟಮಾರಿ ನಮ್ಮಮ್ಮ."

ಕೋಡಕ್ಕ ಅವಳನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ತನ್ನ ಬುತ್ತಿಯನ್ನು ಅವಳಿಗೇ ಕೊಟ್ಟಳು. ತಾನು ಯಾರೆಂದು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಆಸ್ಪತ್ರೆಯ ನೀಲಿ ಸೀರೆ ಉಟ್ಟು ವಾರ್ಡಿನಲ್ಲಿ ಓಡಾಡುವ ಹೆಂಗಸರನ್ನು ಯಾರೂ ಕೇಳುವುದಿಲ್ಲ.

"ಊಟ ಮಾಡಿಸೋದೇ ದೊಡ್ಡ ಕೆಲಸ ಅಲ್ವಾ," ಎಂದಳು ಕೋಡಕ್ಕ. "ನಮ್ಮ ಮನೇಲೂ ಅತ್ತೆ ಇದ್ದಾರೆ. ಬೆಳಗ್ಗೆ ಹನ್ನೆರಡು ನಿಮಿಷ, ಅಷ್ಟರಲ್ಲಿ ಮುಗೀಬೇಕು."

ಮಗಳ ಮುಖ ಬಿಚ್ಚಿಕೊಂಡಿತು. ಎಷ್ಟೋ ದಿನದ ಮೇಲೆ ತನ್ನ ಭಾಷೆ ಮಾತಾಡುವವರು ಸಿಕ್ಕಂತೆ. "ನಂಗೆ ಹದಿನೈದು ಅಕ್ಕ. ಔಷಧಿ ಬಾಟಲಿಗೆ ಲೇಬಲ್ ಹಚ್ಚೋ ಕಡೆ ಕೆಲಸ. ಏಳೂವರೆಗೆ ಗೇಟು ಹಾಕಿಬಿಡ್ತಾರೆ. ಒಂದು ತುತ್ತನ್ನ ಬಾಯಲ್ಲಿಟ್ಟುಕೊಂಡು ಕೂತಿರ್ತಾರೆ. ಕಾಯ್ತಾ ಕೂತ್ರೆ ಮಧ್ಯಾಹ್ನ ಆಗುತ್ತೆ. ತಿನ್ನಿಸದೇ ಹೋದ್ರೆ ಸಂಜೆವರೆಗೂ ಉಪವಾಸ. ಮೊದಲು ನಾನೂ ಅತ್ತುಬಿಡ್ತಿದ್ದೆ. ಆಮೇಲೆ ಉಪಾಯ ಕಲಿತೆ."

"ಏನು ಉಪಾಯ?"

ಅವಳು ಕೈಚೀಲದಿಂದ ಬಿಳಿ ಬಟ್ಟೆಯ ಸುರುಳಿ ತೆಗೆದು ಬಿಡಿಸಿದಳು. ಒಳಗೆ ಒಂದು ಸ್ಟೀಲಿನ ಚಮಚ. ಹಿಡಿ ಉದ್ದ, ತಲೆ ಕಿರಿದು, ಎತ್ತರದ ಲೋಟದಲ್ಲಿ ಸಕ್ಕರೆ ಕಲಕುವಂಥದ್ದು. ಉಜ್ಜಿ ಉಜ್ಜಿ ಕನ್ನಡಿಯ ಹಾಗಿತ್ತು.

"ಗಿಡ್ಡ ಚಮಚ ಆದ್ರೆ ನಾಲಗೆ ಮೇಲೆ ಹಾಕ್ತೀರಿ, ಉಗಿದುಬಿಡ್ತಾರೆ. ಇದು ನಾಲಗೆ ದಾಟಿ ಹಿಂದಕ್ಕೆ ಹೋಗುತ್ತೆ. ಅಲ್ಲಿ ಬಿಟ್ರೆ ಉಗಿಯೋಕೆ ಆಗಲ್ಲ, ನುಂಗಲೇಬೇಕು. ಬಾಯಿ ಬಿಡದಿದ್ರೆ ಮೂಗು ಹಿಡೀರಿ. ತಾನಾಗೇ ಬಿಡ್ತಾರೆ. ಒಂಬತ್ತು ನಿಮಿಷಕ್ಕೆ ಬಟ್ಟಲು ಖಾಲಿ ಮಾಡಿದ್ದೀನಿ ಅಕ್ಕ."

ಅವಳು ಹೇಳಿದ್ದು ಹೆಮ್ಮೆಯಿಂದ. ಒಬ್ಬ ಕೆಲಸಗಾರ್ತಿ ಇನ್ನೊಬ್ಬಳಿಗೆ ಕಸುಬಿನ ಗುಟ್ಟು ಹೇಳಿಕೊಡುವ ಹಾಗೆ. ಹೇಳುತ್ತಲೇ ಕೋಡಕ್ಕ ಕೊಟ್ಟ ಬುತ್ತಿಯಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡು, ಚೆನ್ನಾಗಿ ಅಗಿದು, ನುಂಗಿದಳು. ಕೋಡಕ್ಕ ಆ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡಿದಳು. ಚಮಚ ನೋಡಿದಳು. ಅದರ ತಲೆಯ ಅಗಲ ಹೆಬ್ಬೆರಳ ಉಗುರಿನಷ್ಟೇ ಇತ್ತು. ಬೆಳಗ್ಗೆ ಅತ್ತೆಯ ಹಲ್ಲಿಗೆ ಬಡಿದ ಟಕ್ ಶಬ್ದ ಕಿವಿಯಲ್ಲಿ ಮತ್ತೆ ಕೇಳಿಸಿತು. ಎದ್ದು ಓಡಿಬಿಡಬೇಕೆನಿಸಿತು.

"ಗಂಟಲು ಹರಿದಿದ್ದು ಯಾವಾಗ?" ಎಂದು ಕೇಳಿದಳು.

ಮಗಳು ಚಮಚವನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು. "ಅವತ್ತು ತಲೆ ಕೊಡವಿದ್ರು. ನಾನೂ ಸ್ವಲ್ಪ ಜೋರು ಮಾಡಿದೆ ಅನ್ಸುತ್ತೆ. ಡಾಕ್ಟ್ರು ಏನಾದ್ರೂ ಗಟ್ಟಿಯಾಗಿದ್ದು ತಿಂದ್ರಾ ಅಂತ ಕೇಳಿದ್ರು. ಹೂಂ ಅಂದೆ."

ಇಲ್ಲಿಗೆ ಎಲ್ಲವೂ ತಿಳಿದಂತಾಯಿತು, ಏನೂ ಆದಂತಾಗಲಿಲ್ಲ. ಕೋಡಿಂಗಿನವಳ ಕಿವಿಗೆ ಬಿದ್ದದ್ದಕ್ಕೆ ಬೆಲೆಯಿಲ್ಲ. ಚಿಕಿತ್ಸೆ ಕೊಡುವವರ ಕೈಯಿಂದ ಕಡತದಲ್ಲಿ ಬರೆದದ್ದಕ್ಕೆ ಮಾತ್ರ ಬೆಲೆ. ಕೋಡಕ್ಕ ಬೆಂಚಿನ ಮೇಲೆ ಕೂತು ಒಂದು ಕ್ಷಣ ಲೆಕ್ಕ ಹಾಕಿದಳು. ಇವಳಿಗೆ ಬುದ್ಧಿ ಹೇಳಿದರೆ ಅಳುತ್ತಾಳೆ, ಇನ್ನು ಮಾಡುವುದಿಲ್ಲ ಎನ್ನುತ್ತಾಳೆ. ನಾಡಿದ್ದು ಮನೆಗೆ ಹೋಗುತ್ತಾಳೆ, ನಳಿಕೆ ತೆಗೆದ ಮರುದಿನವೂ ಏಳೂವರೆಗೇ ಗೇಟು ಹಾಕುತ್ತಾರೆ.

"ನಮ್ಮ ಸಿಸ್ಟರಿಗೂ ತೋರಿಸು ಬಾರಮ್ಮ," ಎಂದಳು. "ಅವರಿಗೂ ಗೊತ್ತಾಗಲಿ."

ಮಗಳು ಖುಷಿಯಿಂದಲೇ ಎದ್ದಳು. ದೊಡ್ಡ ಸಿಸ್ಟರಿನ ಮೇಜಿನ ಮುಂದೆ ನಿಂತು, ಗಾಳಿಯಲ್ಲಿ ಇಲ್ಲದ ಮೂಗನ್ನು ಎಡಗೈಯಿಂದ ಹಿಡಿದು, ಬಲಗೈಯಲ್ಲಿ ಚಮಚವನ್ನು ಹೇಗೆ ಓರೆ ಮಾಡಬೇಕೆಂದು ತೋರಿಸಿದಳು. ದೊಡ್ಡ ಸಿಸ್ಟರಿನ ಮುಖ ಮೊದಲು ನಗುತ್ತಿತ್ತು, ಆಮೇಲೆ ನಗು ಅಲ್ಲೇ ಒಣಗಿತು. ಅವಳು ಕೋಡಕ್ಕನನ್ನು ನೋಡಿದಳು. ಕೋಡಕ್ಕ ನೆಲ ನೋಡಿದಳು.

"ಇನ್ನೊಂದು ಸಲ ಹೇಳಮ್ಮ," ಎಂದಳು ದೊಡ್ಡ ಸಿಸ್ಟರ್, ಪೆನ್ನಿನ ಮುಚ್ಚಳ ತೆಗೆಯುತ್ತ. "ನಿಧಾನಕ್ಕೆ ಹೇಳು."

ಸಂಜೆಯೊಳಗೆ ಗಂಟಲಿನ ಡಾಕ್ಟರು ಓಡಿಬಂದರು. ಸಿಸ್ಟರಿನ ಬರಹದ ಕೆಳಗೆ ತಾವೂ ಬರೆದರು, ಈ ಸಲ ಎರಡು ಪದವಲ್ಲ, ಒಂದೂವರೆ ಪುಟ. ಹೊಲಿಗೆಯಮ್ಮನನ್ನು ಮನೆಗೆ ಕಳಿಸುವುದು ನಿಂತಿತು. ಮರುದಿನ ಸಮಾಜಸೇವೆಯ ಕೋಣೆಯಿಂದ ಇಬ್ಬರು ಬಂದು, ಹಾಸಿಗೆಯ ಪಕ್ಕ ಕೂತು, ಹೌದಾದರೆ ಒಂದು ಸಲ ಇಲ್ಲವಾದರೆ ಎರಡು ಸಲ ಕೈ ಒತ್ತಲು ಹೇಳಿ, ಅವಳನ್ನೇ ಕೇಳಿದರು. ನಾಲ್ಕು ತಿಂಗಳಲ್ಲಿ ಅವಳನ್ನು ಯಾರಾದರೂ ನೇರವಾಗಿ ಕೇಳಿದ್ದು ಅದೇ ಮೊದಲು. ಮಗಳ ಮನೆಗೆ ಹೋಗುತ್ತೀರಾ ಎಂದಾಗ ಎರಡು ಸಲ ಒತ್ತಿದಳಂತೆ. ಮಗಳ ಮೇಲೆ ದೂರು ಕೊಡಬೇಕಾ ಎಂದಾಗಲೂ ಎರಡು ಸಲ. ಎರಡನೆಯದಕ್ಕೆ ಇನ್ನೂ ಜೋರಾಗಿ.

ಕಡತ ಮತ್ತೆ ಕೆಳಗೆ ಬಂತು. ಈಗ ಡಾಕ್ಟರು ಬರೆದಿದ್ದರು: ಮಗಳು ಬಲವಂತವಾಗಿ ಚಮಚ ಹಾಕಿದ್ದರಿಂದ, ಮೂರು ಬಾರಿ. ಕೋಡಕ್ಕ ಪುಸ್ತಕ ತೆರೆದಳು. ಉದ್ದೇಶಕ್ಕೆ ನಾಲ್ಕೇ ಮನೆ: ಆಕಸ್ಮಿಕ, ತಾನೇ ಮಾಡಿಕೊಂಡದ್ದು, ಬೇರೆಯವರು ಮಾಡಿದ್ದು, ಗೊತ್ತಾಗದ್ದು. ಅವಸರ ಎಂಬುದಕ್ಕೆ ಮನೆಯಿರಲಿಲ್ಲ. ಗೇಟು ಹಾಕುವ ಹೊತ್ತಿಗೂ ಇರಲಿಲ್ಲ. ಮೂರನೆಯದನ್ನು ಹಾಕಿದಳು. ಅದಕ್ಕೆ ಅಂಟಿಕೊಂಡೇ ಮಾಡಿದವರು ಯಾರು ಎಂಬ ಪಟ್ಟಿಯಿತ್ತು. ಗಂಡ, ಹೆಂಡತಿ, ತಂದೆ, ತಾಯಿ, ಒಡಹುಟ್ಟಿದವರು, ಹೊಟ್ಟೆಯಲ್ಲಿ ಹುಟ್ಟಿದವರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಖ್ಯೆ. ಇಷ್ಟು ನೀಟಾಗಿ ಕೂತು ಈ ಪಟ್ಟಿ ಮಾಡಿದವರು ಆ ದಿನ ಮಧ್ಯಾಹ್ನ ಊಟ ಮಾಡಿದ್ದರೋ ಇಲ್ಲವೋ ಎಂದು ಅವಳಿಗೆ ಅನ್ನಿಸಿತು.

"ಮುಗೀತಾ?" ಎಂದ ಗಡಿಯಾರ.

"ಇದು ಮುಗೀತು. ಹಿಂದಿನ ಎರಡನ್ನ ತೆಗೆದು ತಿದ್ದಬೇಕು. ಅದರಲ್ಲಿ ಆಕಸ್ಮಿಕ ಅಂತ ಹಾಕಿದ್ದೀನಿ."

"ಬಿಲ್ಲಾಗಿ ಮುಚ್ಚಿಹೋಗಿರೋ ಕಡತ ಅಕ್ಕಾ. ತೆಗೆಯೋಕಾಗಲ್ಲ."

"ತಪ್ಪು ಅಂತ ಗೊತ್ತಾದ್ರೂ?"

"ಆವತ್ತು ಬರೆದಿದ್ದರ ಪ್ರಕಾರ ಅದು ತಪ್ಪಲ್ಲ." ಅವನು ಗಡಿಯಾರ ನೋಡಲಿಲ್ಲ. "ಅದೇ ದರಿದ್ರ."

ಆ ಸಂಜೆ ಬಸ್ ನಿಲ್ದಾಣದಲ್ಲಿ ಮಗಳು ನಿಂತಿದ್ದಳು. ಕೈಯಲ್ಲಿ ಅದೇ ಚೀಲ, ಕಣ್ಣು ಊದಿತ್ತು. ಕೋಡಕ್ಕ ಪಕ್ಕಕ್ಕೆ ಸರಿದು ಹೋಗಬಹುದಿತ್ತು, ಹೋಗಲಿಲ್ಲ. ಬೈಯುತ್ತಾಳೆ ಎಂದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು.

"ಹನ್ನೆರಡು ನಿಮಿಷ ಅಂದ್ರಲ್ಲ ಅಕ್ಕ," ಎಂದಳು ಮಗಳು. "ನೀವೂ ಹಂಗೇ ಅಂದ್ರಲ್ಲ."

ಬುತ್ತಿಯ ಡಬ್ಬಿಯನ್ನು ಮಗಳು ಚೀಲದಿಂದ ತೆಗೆದು ಕೋಡಕ್ಕನ ಕೈಗಿಟ್ಟಳು. ತೊಳೆದಿತ್ತು. ಆ ಚಮಚದ ಹಾಗೆಯೇ ಉಜ್ಜಿ ಉಜ್ಜಿ ತೊಳೆದಿತ್ತು. ಕೋಡಕ್ಕನಿಗೆ ಅದರಲ್ಲಿ ಮತ್ತೆ ಅನ್ನ ಹಾಕುವ ಮನಸ್ಸಾಗಲಿಲ್ಲ. ಮನೆಯಲ್ಲಿ ಅದಕ್ಕೆ ಸೂಜಿ ದಾರ ತುಂಬಿಟ್ಟಳು.

ಮರುದಿನ ಬೆಳಗ್ಗೆ ಅತ್ತೆಯ ಎದುರು ಬಟ್ಟಲು ಹಿಡಿದು ಕೂತಳು. ಚಮಚ ಎತ್ತಿದಳು, ತುಟಿಯ ಮುಂದೆ ತಡೆದಳು, ಕಾದಳು. ಗಂಟಲಿನ ಉಬ್ಬು ಮೇಲೆದ್ದು ಕೆಳಗಿಳಿಯುವ ತನಕ ನೋಡಿದಳು. ಅದು ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕೆಂದು ಆರು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ. ಸೋರಿದ ಎಂಜಲು ಗದ್ದದಿಂದ ಇಳಿಯಿತು, ಒರೆಸಿದಳು. ಅಸಹ್ಯವಾಯಿತು. ಎಂಜಲಿಗಲ್ಲ.

"ಯಾಕೆ, ಬಸ್ಸು ಸತ್ತೋಯ್ತಾ?" ಎಂದಳು ಅತ್ತೆ.

"ಇನ್ನೊಂದು ಬರುತ್ತೆ."

"ಅದರಲ್ಲಿ ಹೋದ್ರೆ ಬಾಣಂತಿಯರು ಸಿಗಲ್ಲ ಅಂತಿದ್ದೆ."

"ಸಿಗಲ್ಲ. ತಿನ್ನಿ."

ಅತ್ತೆ ಸ್ವಲ್ಪ ಹೊತ್ತು ಸೊಸೆಯ ಮುಖ ನೋಡಿದಳು. ಆಮೇಲೆ ಬಾಯಿ ತೆರೆದಳು. ಮೂವತ್ತೆಂಟು ನಿಮಿಷ ಹಿಡಿಯಿತು.

ಹೊಲಿಗೆಯಮ್ಮ ದೀರ್ಘಕಾಲದ ರೋಗಿಗಳನ್ನು ನೋಡಿಕೊಳ್ಳುವ ಆಶ್ರಮಕ್ಕೆ ಹೋದಳು. ಗಂಟಲು ಸರಿಹೋಗದೆ ಊಟ ಹೊಟ್ಟೆಯ ನಳಿಕೆಯಿಂದಲೇ, ಬಾಯಿಗೆ ಒದ್ದೆ ಹತ್ತಿ ಮಾತ್ರ. ರುಚಿ ಎನ್ನುವುದು ಅವಳ ಪಾಲಿಗೆ ಮುಗಿಯಿತು, ಜೀವ ಉಳಿಯಿತು. ಮಗಳು ಭಾನುವಾರ ಬಂದು ಜಡೆ ಹಾಕಿ ಹೋಗುತ್ತಾಳೆ, ನರ್ಸು ಪಕ್ಕದಲ್ಲಿ ನಿಂತಿರುತ್ತಾಳೆ. ಕೋಡಕ್ಕನಿಗೆ ಮೂರು ತಿಂಗಳು ಸಂಬಳದ ಮೇಲಿನ ಹಣ ಹೋಯಿತು, ಆಮೇಲಿನದ್ದೂ ಬರಲಿಲ್ಲ. ಈಗ ಅವಳಿಗೆ ದಿನವೂ ಬುಟ್ಟಿಯ ತಳದ ಕಡತಗಳೇ. ಅತ್ತೆಯ ಔಷಧಿಯಲ್ಲಿ ಒಂದನ್ನು ಬಿಟ್ಟು, ಅಗ್ಗದ ಇನ್ನೊಂದನ್ನು ತಂದಳು. ಅತ್ತೆ ಎರಡು ತಿಂಗಳಲ್ಲಿ ಒಂದೂವರೆ ಕಿಲೋ ತೂಕ ಹೆಚ್ಚಿದಳು. ಹಿಂದಿನ ಆ ಎರಡು ಕಡತಗಳಲ್ಲಿ ಇವತ್ತಿಗೂ ಆಕಸ್ಮಿಕ ಎಂದೇ ಇದೆ, ಕೆಳಗೆ ಕೋಡಕ್ಕನ ಸಹಿ ಇದೆ.